ಮುಂಬಯಿಯವರು ಮಾಡಿದ ಫಿಯೆಟ್

ಸಿರ್ಸಿ
೧೨-೨-೨೦೦೩

ಯಲ್ಲಾಪುರದ ಸೂರ್ಯನಾರಾಯಣ ಭಟ್ಟರಿಗೆ ಮೆಕ್ಯಾನಿಕ್ ಕನ್ನಪ್ಪ ನಾಯ್ಕನ ನಮಸ್ಕಾರಗಳು.

ನಿಮ್ಮ ಫಿಯೆಟ್ ರಿಪೇರಿಯಾಗಿದೆ. ಡ್ರೈವರನ ಜೊತೆ ಕಳಿಸಿದ್ದೇನೆ.

ನಿಮ್ಮ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದಿದ್ದ ಇದೇ ಇಟಲಿ ಕಾರಿಗೆ ಮೂರು ವರ್ಷ ತಗಡು ಬಡಿದವನು ನಾನು. ಹುಬ್ಬಳ್ಳಿಯ ಹಳೇ ಕಾರುಗಳ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಾಗ, ಇದನ್ನು ಸಿದ್ಧಮಾಡಿದ್ದು ಯಾರೆಂದು ತೀರ್ಪುಗಾರರು ಕೇಳಿದರು. ನೀವು "ಮುಂಬಯಿಯವರು" ಎಂದಿರಿ. ನಾನು ಪಕ್ಕದಲ್ಲೇ ಬಾನೆಟ್ ಒರೆಸುತ್ತಿದ್ದೆ.

ವಾಪಸು ಬರುವಾಗ ಹಾಗೇಕೆ ಹೇಳಿದಿರೆಂದು ನಾನು ಕೇಳಿದ್ದಕ್ಕೆ, "ಸಿರ್ಸಿ ಗ್ಯಾರೇಜು ಅಂದ್ರೆ ಅಲ್ಲಿ ಯಾರು ನಂಬ್ತಾರೆ ಮಾರಾಯ?" ಎಂದು ನಕ್ಕಿರಿ. ಅಲ್ಲಿ ನನ್ನ ಹೆಸರು ಹೇಳಿದ್ದರೆ ಅಂಥ ಇನ್ನೆರಡು ಕಾರುಗಳ ಕೆಲಸ ಸಿಗುತ್ತಿತ್ತು. ಈಗಲೂ ಟೆಂಪೋಗಳ ಆಯಿಲ್ ಬದಲಿಸುತ್ತಿದ್ದೇನೆ.

ಇನ್ನು ಮುಂದೆ ಈ ಕಾರನ್ನು ನನ್ನಲ್ಲಿಗೆ ಕಳಿಸಬೇಡಿ. ನಿಮ್ಮ ಮಗಳು ಓಡಿಸುತ್ತಾಳೆಂದು ಬ್ರೇಕ್ ಮಾತ್ರ ಎರಡು ಸಲ ನೋಡಿದ್ದೇನೆ.

ಇಂತಿ,
ಕನ್ನಪ್ಪ ನಾಯ್ಕ