ಚಿಮಣಿಯ ನಾಲ್ಕನೇ ಬಟನ್

ಭಾನುವಾರ, ಹನ್ನೊಂದನೇ ತಾರೀಖು

ಭುಜ ಎತ್ತಲಾಗುತ್ತಿಲ್ಲ, ಬೆರಳಿನ ಜಿಡ್ಡು ಈ ಪುಟಕ್ಕೂ ಅಂಟುತ್ತಿದೆ. ಆದರೂ ಬರೆಯದೆ ನಿದ್ದೆ ಬಾರದು.

ಒಲೆಯ ಮೇಲಿನ ಚಿಮಣಿಯನ್ನು ಇವತ್ತು ಬಿಚ್ಚಿಯೇಬಿಟ್ಟೆ. ಜಾಲರಿಗಳನ್ನು ಬಿಸಿನೀರು, ಸೋಡಾಪುಡಿಯಲ್ಲಿ ನೆನೆಹಾಕಿದರೆ ನೀರೆಲ್ಲ ಡಾಂಬರು! ಸ್ಟೂಲು ಹಿಡಿದು ನಿಂತಿದ್ದ ಅತ್ತೆ, "ಇಷ್ಟು ಎಣ್ಣೇಲಿ ಒಂದು ಮದುವೆ ಅಡುಗೆ ಆಗ್ತಿತ್ತಲ್ಲೇ" ಎಂದು ನಕ್ಕರು. ಮುಂಭಾಗದ ಜಿಡ್ಡನ್ನು ಹಳೇ ಬ್ರಷ್ಷಿನಿಂದ ಉಜ್ಜುವಾಗ, ಮೂರು ಬಟನ್‌ಗಳ ಪಕ್ಕ ನಾಲ್ಕನೆಯದೊಂದು ಸಿಕ್ಕಿತು. ಒತ್ತಿದೆ. ಒಲೆಯ ಮೇಲೆಲ್ಲ ಬೆಳಕು!

ಈ ಬಾಡಿಗೆ ಮನೆಗೆ ಬಂದಾಗಿನಿಂದ ಚಿಮಣಿಗೆ ದೀಪವೇ ಇಲ್ಲ ಎಂದುಕೊಂಡಿದ್ದೆವು. ಅದಕ್ಕೇ ಸಂಜೆ ಅತ್ತೆ ಅಡುಗೆ ಮಾಡುವಾಗ ಮಾವ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುವುದು, ಈರುಳ್ಳಿ ಕೆಂಪಾಯಿತೋ ಇಲ್ಲವೋ ಎಂದು ಇಬ್ಬರೂ ಜಗಳವಾಡುವುದು.

ಇವತ್ತೂ ಮಾವ ಟಾರ್ಚ್ ಹಿಡಿದೇ ಬಂದರು. ಬೆಳಕು ನೋಡಿ, "ಓಹೋ, ನನ್ನ ಕೆಲಸ ಹೋಯ್ತು ಅನ್ನಿ" ಎಂದು ನಕ್ಕರು. ಆದರೆ ಬಾಗಿಲು ದಾಟಿ ಒಳಗೆ ಬರಲಿಲ್ಲ.

ಅತ್ತೆ ನನ್ನ ಕಡೆ ನೋಡದೆ ಟಕ್ಕನೆ ದೀಪ ಆರಿಸಿದರು. "ಆ ಬೆಳಕಲ್ಲಿ ಎಲ್ಲಾ ಕೆಂಪಗೇ ಕಾಣುತ್ತೆ ರೀ. ಬನ್ನಿ, ಹಿಡೀರಿ ಇಲ್ಲಿ."

ನನ್ನವರು ಕಿವಿಯ ಹತ್ತಿರ ಬಂದು, "ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ಲೇ ನಿನ್ನ ಕೆಲಸ" ಎಂದರು. ನಗು ತಡೆಯಲಾಗದೆ ಹೊರಗೆ ಓಡಿದೆ. ಒಳಗಿಂದ ಮಾವನ ದನಿ: "ಇನ್ನೂ ಕೆಂಪಾಗಿಲ್ಲ ಕಣೇ!"

ಕಣ್ಣು ಎಳೆಯುತ್ತಿದೆ. ನಾಳೆ ಮರೆಯದೆ ಟಾರ್ಚಿಗೆ ಹೊಸ ಸೆಲ್ ತರಬೇಕು.