ಸೌನಾದ ಮೂರನೇ ಹಲಗೆ

ರೌಮಾ, ಫಿನ್‌ಲೆಂಡ್
೯ ಮಾರ್ಚ್ ೨೦೦೮, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಎನ್ಸಿಯೊ,

ಹೇಗಿದ್ದೀಯಪ್ಪ? ನಿದ್ದೆ ಬರುತ್ತಿದೆಯೇ? ಊಟ ಸರಿಯಾಗಿ ಮಾಡುತ್ತೀಯಾ, ಇಲ್ಲ ಬರೀ ಕಾಫಿಯೋ? ನಿನ್ನ ಮಗಳು ಪಿಯಾ ಎಲ್ಲ ಹೇಳಿದಳು. ಸೊಂಟಕ್ಕೆ ಹಾಕಿಸಿಕೊಂಡ ಕೀಲು ಸಡಿಲವಾಗಿದೆಯಂತೆ, ಮತ್ತೆ ಆಪರೇಷನ್ ಬೇಕೋ ಬೇಡವೋ ಎಂದು ಶುಕ್ರವಾರ ಆಸ್ಪತ್ರೆಗೆ ತಿಳಿಸಬೇಕಂತೆ, ನೀನು ಬೇಡ ಎನ್ನುವವನಿದ್ದೀಯಂತೆ. ಅದಕ್ಕೇ ಈ ಕಾಗದ.

ಮೊದಲು ನನ್ನ ಸುದ್ದಿ ಕೇಳು! ನಿನ್ನೆ ನಮ್ಮ ವಠಾರದ ಹಬೆಮನೆ ಸೌನಾದಲ್ಲಿ ಎಲ್ಲಕ್ಕಿಂತ ಮೇಲಿನ ಮೂರನೇ ಹಲಗೆ ಹತ್ತಿ ಕೂತೆ! ಎರಡನೇ ಸಲ ಸೊಂಟ ಕೊಯ್ಯಿಸಿಕೊಂಡ ಹದಿನಾಲ್ಕು ತಿಂಗಳ ಮೇಲೆ, ಯಾರ ಕೈಯನ್ನೂ ಹಿಡಿಯದೆ! ಮೇಲೆ ಕೂತಿದ್ದ ಪಕ್ಕದ ಮನೆಯ ಕೆರ್ತ್ತು ಸುಮ್ಮನಿರಬೇಕಲ್ಲ, "ಏನೇ ಐಲಿ, ಕೆಳಗಡೆ ಮಕ್ಕಳ ಹಲಗೆ ಖಾಲಿ ಇದ್ಯಲ್ಲೇ!" ಎಂದಳು. ನಾನು ಕಾದ ಕಲ್ಲಿನ ಮೇಲೆ ಮೂರು ಸೌಟು ನೀರು ಹೊಯ್ದೆ. ಹಬೆ ಎದ್ದಿತು ನೋಡು, "ಸಾಕು ನಿಲ್ಸೇ, ಮಾರಾಯ್ತಿ!" ಎಂದು ಕೆಳಗಿಳಿದವಳು ಅವಳೇ!

ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಇದು ಮೊದಲ ಸಲದ ಹಾಗಲ್ಲ. ಆಗ ಎರಡು ತಿಂಗಳಿಗೆ ಕಾಡಿಗೆ ಹಣ್ಣು ಕೀಳಲು ಹೋಗಿದ್ದೆ. ಈ ಸಲ ಆರು ತಿಂಗಳು ಮನೆಯೇ ಕಾಡಾಯಿತು. ಒಮ್ಮೆ ತಗ್ಗು ಕುರ್ಚಿಯಿಂದ ಏಳುವಾಗ ಕೀಲು ಜಾರಿ ಆಂಬುಲೆನ್ಸ್ ಬಂತು. ಕಾಲು ಅರ್ಧ ಬೆರಳು ಗಿಡ್ಡವಾಗಿದೆ, ಒಂದು ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿದ್ದೇನೆ. ದೂರ ಹೋಗುವಾಗ ಕೋಲೂ ಬೇಕು. ಡಾಕ್ಟರು ಮೊದಲೇ ಹೇಳಿದ್ದರು: "ಗೋಡೆಯಿಂದ ಮೊಳೆ ಕಿತ್ತು ಅದೇ ಜಾಗಕ್ಕೆ ಇನ್ನೊಂದು ಹೊಡೀತೀವಿ. ಹಿಡಿಯತ್ತೆ, ಆದ್ರೆ ಗೋಡೆ ಹಳೇದು." ಆದರೆ ಹೆಜ್ಜೆಹೆಜ್ಜೆಗೂ ಒಳಗೆ ಬೀಸುಕಲ್ಲು ತಿರುವಿದಂತಿತ್ತಲ್ಲ, ಆ ನೋವು ಹೋಯಿತು. ಹೋಯಿತು ಕಣೋ!

ಈ ಸಲ ಇಷ್ಟು ಕಷ್ಟವಾದದ್ದಕ್ಕೆ ತಪ್ಪು ನನ್ನದೇ. ಆಪರೇಷನ್ನಿಗೆ ಮೊದಲು ಎರಡು ವರ್ಷ ಕುಂಟುತ್ತ ಹೋಗಿ ಡಾಕ್ಟರ ಮುಂದೆ "ಪರವಾಗಿಲ್ಲ" ಎನ್ನುತ್ತಿದ್ದೆ. ಅಷ್ಟರಲ್ಲಿ ಕೀಲಿನ ಸುತ್ತಲ ಮೂಳೆ ಸವೆದಿತ್ತು. ವ್ಯಾಯಾಮ ಮಾಡಿಸುವ ಹುಡುಗಿ ಸನ್ನಾ ಕೊನೆಗೆ ಗದರಿದಳು: "ಐಲಿ ಅಜ್ಜೀ, ನೀವು ಪರವಾಗಿಲ್ಲ ಅಂದ್ರೇನೇ ನನಗೆ ಭಯ!" ನೋವು ಹೇಳಿಕೊಂಡರೆ ಮಾನ ಹೋಗುತ್ತದೆಂದು ನಮ್ಮಿಬ್ಬರಿಗೆ ಯಾರು ಕಲಿಸಿದರೋ. ನೀನು ಕಾದಷ್ಟೂ ಡಾಕ್ಟರಿಗೆ ಮೂಳೆ ಕಡಿಮೆ ಸಿಗುತ್ತದೆ.

ಪಿಯಾಳಿಗೆ ನನ್ನ ಮುತ್ತು. ದೇವರು ನಿನ್ನ ಕಾಲಿಗೂ ನಾಲಿಗೆಗೂ ಬಲ ಕೊಡಲಿ.

ನಿನ್ನ ಅಕ್ಕ,
ಐಲಿ

ಮರೆತೆ: ಗುರುವಾರ ಬೆಳಿಗ್ಗೆ ನಿನ್ನ ಸ್ಟಾಕ್‌ಹೋಮ್ ಮುಟ್ಟುವ ಹಡಗಿಗೆ ಟಿಕೆಟ್ ತೆಗೆದಿದ್ದೇನೆ. ಶುಕ್ರವಾರ ಆಸ್ಪತ್ರೆಯವರ ಫೋನ್ ಬಂದಾಗ ನಿನ್ನ ಎದುರೇ ಕೂತಿರುತ್ತೇನೆ. ಹೂಂ ಅನ್ನುವುದೋ ಬಿಡುವುದೋ ನಿನ್ನಿಷ್ಟ. ಎಲ್ಲಿ ನೋಯುತ್ತದೆಂದು ಕೇಳಿದರೆ ಮಾತ್ರ ನಿಜ ಹೇಳು. ನನ್ನನ್ನು ಕರೆದುಕೊಂಡು ಹೋಗಲು ಬಂದರಿಗೆ ಬರಬೇಡ. ನಿನ್ನ ಕೈಲಾಗದು. ನಾನೇ ನಡೆದು ಬರುತ್ತೇನೆ.