ಮೋಡವಿಲ್ಲದ ದಿನದ ವರದಿ

ಭಾವನವರಿಗೆ ನಮಸ್ಕಾರ.

ಮೊನ್ನೆ ಮಧ್ಯಾಹ್ನ ನಮ್ಮ ಸೋಲಾರ್ ಘಟಕ ನಿಂತದ್ದಕ್ಕೆ "ಮೋಡ ಕವಿದಿತ್ತು" ಎಂದು ವರದಿ ಬರೆಯಲು ಫೋನಿನಲ್ಲಿ ಹೇಳಿದಿರಿ. ಆ ಹೊತ್ತಿಗೆ ನಾನು ಫಲಕಗಳ ನಡುವೆಯೇ ನಿಂತಿದ್ದೆ. ನೆತ್ತಿ ಸುಡುತ್ತಿತ್ತು.

ಅಂದು ಬೆಳಿಗ್ಗೆ ನಿಮ್ಮ ಇಂಧನ ಮಂತ್ರಿಗಳು ಪಕ್ಕದ ದೇಶದವರನ್ನು ಭಾಷಣದಲ್ಲಿ ಬೈದರು. ಮಧ್ಯಾಹ್ನ ಆ ದೇಶದವರು ತಮ್ಮಲ್ಲೇ ಕೂತು ಇಂಟರ್‌ನೆಟ್ ಮೂಲಕ ನಮ್ಮ ಇನ್ವರ್ಟರ್‌ಗಳನ್ನೆಲ್ಲ ಆಫ್ ಮಾಡಿದರು. ಅವನ್ನು ನಮಗೆ ಮಾರಿದವರೂ ಅವರೇ, ಪಾಸ್‌ವರ್ಡ್ ಇರುವುದೂ ಅವರ ಬಳಿಯೇ. ನೀವು ಖರೀದಿಗೆ ಸಹಿ ಹಾಕುವ ಮೊದಲೇ ನಾನು ಇದನ್ನು ಬರೆದು ಕೊಟ್ಟಿದ್ದೆ. "ಪಾಸ್‌ವರ್ಡ್ ಹಿಡ್ಕೊಂಡು ಯಾರಪ್ಪ ಯುದ್ಧ ಮಾಡ್ತಾರೆ" ಎಂದು ನೀವು ನಕ್ಕಿರಿ. ಇನ್ವರ್ಟರ್ ಮೇಲಿದ್ದ ಅವರ ಕಂಪನಿಯ ಹೆಸರಿನ ಮೇಲೆ ನಮ್ಮ ಬಾವುಟದ ಸ್ಟಿಕ್ಕರ್ ಅಂಟಿಸಿ, ಇನ್ನು ವಿದೇಶಿ ತೈಲದ ಹಂಗಿಲ್ಲ ಎಂದು ತುತ್ತೂರಿ ಊದಿದಿರಿ. ತೈಲದ ಹಂಗು ತಪ್ಪಿದ್ದು ನಿಜ, ಭಾವ. ಜುಟ್ಟು ಮಾತ್ರ ಇನ್ನೊಬ್ಬರ ಕೈಗೆ ಹೋಯಿತು.

ವರದಿ ಇದರ ಜೊತೆಗಿದೆ. ಕಾರಣದ ಜಾಗ ಖಾಲಿ ಬಿಟ್ಟಿದ್ದೇನೆ. ಮೋಡವನ್ನು ನೀವೇ ಬರೆದು ಸಹಿ ಹಾಕಿ. ಈ ಪತ್ರ ಅಕ್ಕನಿಗೆ ತೋರಿಸಬೇಡಿ. ಅವಳಿನ್ನೂ ನಿಮ್ಮನ್ನು ಬುದ್ಧಿವಂತರು ಅಂದುಕೊಂಡಿದ್ದಾಳೆ.

ಸೋಮವಾರ ಮಂತ್ರಿಗಳನ್ನು ಕರೆತರುವಾಗ ಇಬ್ಬರಿಗೂ ಕೊಡೆ ತನ್ನಿ. ಇಲ್ಲಿ ಮೋಡ ಬಹಳ ಸುಡುತ್ತದೆ.

ನೀವೇ ಕೆಲಸ ಕೊಡಿಸಿದ
ಭಾಮೈದ